ಬೆರಳಿಗೆ ಕೆಲಸ, ಮನಸ್ಸಿಗೆ ಬಿಡುವು: ಕರಕುಶಲದಿಂದ ಒತ್ತಡ ಇಳಿಸಿಕೊಳ್ಳುವ ಬಗೆ

ಮನಸ್ಸು ಬಿಗಿದುಕೊಂಡಾಗ ಕೈಗಳು ತಾವಾಗಿಯೇ ಏನಾದರೊಂದು ಕೆಲಸ ಹುಡುಕಿಕೊಳ್ಳುತ್ತವೆ. ಬಟ್ಟೆಯ ಅಂಚನ್ನು ಸುರುಳಿ ಸುತ್ತುವುದು, ಪೆನ್ನಿನ ಮುಚ್ಚಳವನ್ನು ಹಾಕಿ ತೆಗೆದು ಮಾಡುವುದು, ಕೈಗೆ ಸಿಕ್ಕ ಚೀಟಿಯನ್ನು ಮಡಚಿ ಮಡಚಿ ಇನ್ನು ಮಡಚಲಾಗದಷ್ಟು ಚಿಕ್ಕದಾಗಿಸುವುದು, ಇವನ್ನೆಲ್ಲ ನಮಗೆ ಯಾರೂ ಕಲಿಸಿಕೊಟ್ಟಿಲ್ಲ. ಕರಕುಶಲವನ್ನು ಒತ್ತಡ ಇಳಿಸಿಕೊಳ್ಳಲು ಬಳಸುವುದೆಂದರೆ ಈ ಚಡಪಡಿಕೆಗೆ ಒಂದು ದಾರವನ್ನೋ ಒಂದು ಮುದ್ದೆ ಮಣ್ಣನ್ನೋ ಕೊಟ್ಟು, ಅದಕ್ಕೊಂದು ಲಯ ಹಿಡಿಸುವುದು, ಅಷ್ಟೆ. ಸೂಜಿ ಹಿಡಿದು ಅಭ್ಯಾಸವೇ ಇಲ್ಲದವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನವನ್ನು ಬರೆದಿದ್ದೇನೆ. ಹಿಂದೆ ಶುರುಮಾಡಿ, ಅರ್ಧಕ್ಕೆ ಬಿಟ್ಟು, ಆ ಅರ್ಧ ಕೆಲಸವನ್ನು ಕಂಡಾಗಲೆಲ್ಲ ಅಪರಾಧಿಭಾವ ಅನುಭವಿಸುವವರಿಗೂ ಇಲ್ಲಿ ಕೆಲವು ಮಾತುಗಳಿವೆ.

ಆರಂಭದಲ್ಲೇ ಒಂದು ಎಚ್ಚರಿಕೆ ಹೇಳಬೇಕು. ಕೈಕೆಲಸ ಮನಸ್ಸನ್ನು ಹಗುರಗೊಳಿಸುವುದು ಅದು ಪರೀಕ್ಷೆಯಾಗದಿರುವ ತನಕ ಮಾತ್ರ. ಚೆನ್ನಾಗಿ ಬರಬೇಕು, ಬೇಗ ಮುಗಿಯಬೇಕು, ನಾಲ್ಕು ಜನ ಮೆಚ್ಚಬೇಕು ಎಂಬ ಮೂರರಲ್ಲಿ ಒಂದು ಒಳಗೆ ಹೊಕ್ಕರೂ ಕಚೇರಿಯಲ್ಲಿ ಬಿಟ್ಟು ಬಂದ ಒತ್ತಡವೇ ವೇಷ ಬದಲಿಸಿ ಸೂಜಿಯ ತುದಿಗೆ ಬಂದು ಕೂರುತ್ತದೆ. ಮುಂದೆ ಬರುವ ಸಲಹೆಗಳಲ್ಲಿ ಹೆಚ್ಚಿನವು ಈ ಒಂದು ಅಪಾಯವನ್ನು ದೂರವಿಡುವ ಉಪಾಯಗಳೇ.

ಕೈಕೆಲಸ ಮನಸ್ಸನ್ನು ತಲುಪುವ ದಾರಿ

ಕೈಕೆಲಸವನ್ನು ಚಿಕಿತ್ಸೆಯ ಭಾಗವೆಂದು ವೈದ್ಯಲೋಕ ಪರಿಗಣಿಸತೊಡಗಿ ನೂರು ವರ್ಷಗಳ ಮೇಲಾಯಿತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮಾರ್ಬಲ್‌ಹೆಡ್ ಎಂಬ ಊರಿನಲ್ಲಿ ಹರ್ಬರ್ಟ್ ಹಾಲ್ ಎಂಬ ವೈದ್ಯರು 1904ರಲ್ಲಿ ನರದೌರ್ಬಲ್ಯದ ರೋಗಿಗಳಿಗಾಗಿ ನೇಯ್ಗೆ, ಕುಂಬಾರಿಕೆ ಮುಂತಾದ ಕೆಲಸಗಳ ಕಾರ್ಯಾಗಾರ ತೆರೆದರು. ಇಂಥ ರೋಗಿಗಳನ್ನು ವಾರಗಟ್ಟಲೆ ಹಾಸಿಗೆಯಲ್ಲಿ ಮಲಗಿಸಿ ವಿಶ್ರಾಂತಿ ಕೊಡಿಸುವುದು ಆಗಿನ ರೂಢಿಯಾಗಿತ್ತು. ಹಾಲ್ ಅವರು ಅದರ ಬದಲಿಗೆ ಮಿತವಾದ ಕೆಲಸವನ್ನು ಕೊಟ್ಟು ನೋಡಿದರು. 1917ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್‌ನಲ್ಲಿ ಕೆಲವರು ಸೇರಿ ಆಕ್ಯುಪೇಷನಲ್ ಥೆರಪಿಗೆಂದೇ, ಅಂದರೆ ಕೆಲಸದ ಮೂಲಕ ಕೊಡುವ ಚಿಕಿತ್ಸೆಗೆಂದೇ, ಒಂದು ಸಂಘ ಕಟ್ಟಿದರು. ಅವರಲ್ಲಿ ಒಬ್ಬರಾದ ಜಾರ್ಜ್ ಬಾರ್ಟನ್ ವೈದ್ಯರಲ್ಲ, ವಾಸ್ತುಶಿಲ್ಪಿ. ಕ್ಷಯದಿಂದಲೂ ಪಾರ್ಶ್ವವಾಯುವಿನಿಂದಲೂ ನರಳಿ, ಮರಗೆಲಸ ಮತ್ತು ತೋಟದ ಕೆಲಸ ಮಾಡುತ್ತಲೇ ಚೇತರಿಸಿಕೊಂಡವರು. ತಮ್ಮ ಮೈಮೇಲೆ ಪ್ರಯೋಗ ಮಾಡಿ ನೋಡಿದ್ದನ್ನೇ ಅವರು ಇತರರಿಗೂ ಹೇಳಿದರು.

ಕೆಲಸ ಮಾಡುವಾಗ ಒಳಗೆ ಏನಾಗುತ್ತದೆ? ಅಂಗೈ ಮತ್ತು ಬೆರಳುಗಳು ಮೈಯಲ್ಲಿ ಚಿಕ್ಕ ಭಾಗವಾದರೂ ಮಿದುಳಿನಲ್ಲಿ ಅವುಗಳ ಸ್ಪರ್ಶ ಹಾಗೂ ಚಲನೆಗೆ ಮೀಸಲಾದ ಜಾಗ ಬಹಳ ದೊಡ್ಡದು. ಮಿದುಳಿನ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ ಮತ್ತು ಅವರ ಸಹೋದ್ಯೋಗಿ 1937ರಲ್ಲಿ ಪ್ರಕಟಿಸಿದ ಮಿದುಳಿನ ನಕ್ಷೆಯಲ್ಲಿ ಬೆನ್ನಿಗೆ ಸಿಕ್ಕಿರುವುದು ಒಂದು ಸಣ್ಣ ಮೂಲೆ, ಕೈಗೆ ಸಿಕ್ಕಿರುವುದು ಒಂದು ಪ್ರಾಂತ್ಯ. ಬೆರಳುಗಳು ನವಿರಾದ ಕೆಲಸದಲ್ಲಿ ತೊಡಗಿದಾಗ ಗಮನದ ದೊಡ್ಡ ಪಾಲು ಅತ್ತ ಹರಿಯುವುದರಲ್ಲಿ ಆಶ್ಚರ್ಯವಿಲ್ಲ. ಚಿಂತೆಗೂ ಜಾಗ ಬೇಕು. ಒಂದೇ ವಾಕ್ಯವನ್ನು ತಲೆಯೊಳಗೆ ನೂರು ಸಲ ಹೇಳಿಕೊಳ್ಳಲು ಮನಸ್ಸಿನ ಯಾವ ಹಲಗೆ ಬೇಕೋ, ಹೆಣಿಗೆಯ ಕುಣಿಕೆಗಳನ್ನು ಎಣಿಸಲೂ ಅದೇ ಹಲಗೆ ಬೇಕು. ಹನ್ನೆರಡು, ಹದಿಮೂರು, ಹದಿನಾಲ್ಕು ಎಂದು ಎಣಿಸುತ್ತಿರುವಾಗ ನಾಳಿನ ಮೀಟಿಂಗಿನ ಮಾತು ಮಧ್ಯೆ ನುಗ್ಗಿದರೆ ಎಣಿಕೆ ತಪ್ಪುತ್ತದೆ. ಎಣಿಕೆಯನ್ನು ಉಳಿಸಿಕೊಳ್ಳಬೇಕೆಂದರೆ ಆ ಮಾತನ್ನು ಹೊರಗೆ ನಿಲ್ಲಿಸಲೇಬೇಕು.

ಅಳತೆಗೆ ಸಿಕ್ಕ ಸಂಗತಿಯೂ ಒಂದಿದೆ. 2016ರಲ್ಲಿ ಕಲಾಚಿಕಿತ್ಸೆಯ ಸಂಶೋಧಕಿ ಗಿರಿಜಾ ಕೈಮಲ್ ಮತ್ತು ಅವರ ತಂಡ ಪ್ರಕಟಿಸಿದ ಅಧ್ಯಯನದಲ್ಲಿ 39 ಮಂದಿ ವಯಸ್ಕರು 45 ನಿಮಿಷಗಳ ಕಾಲ ಜೇಡಿಮಣ್ಣು, ಕಾಗದ, ಬಣ್ಣದ ಪೆನ್ನುಗಳಿಂದ ತಮಗೆ ತೋಚಿದ್ದನ್ನು ಮಾಡಿದರು. ಒತ್ತಡದ ಹಾರ್ಮೋನಾದ ಕಾರ್ಟಿಸೋಲನ್ನು ಅದಕ್ಕೆ ಮೊದಲೂ ಆಮೇಲೂ ಎಂಜಲಿನ ಮಾದರಿಯಲ್ಲಿ ಅಳೆದಾಗ ಸುಮಾರು ಮುಕ್ಕಾಲು ಪಾಲು ಜನರಲ್ಲಿ ಅದರ ಮಟ್ಟ ಇಳಿದಿತ್ತು. ಈ ಹಿಂದೆ ಕಲೆಯ ಅಭ್ಯಾಸ ಇದ್ದವರು, ಇಲ್ಲದವರು ಎಂಬ ಭೇದ ಅಲ್ಲಿ ಕಾಣಲಿಲ್ಲ. ಚಿಕ್ಕ ಅಧ್ಯಯನವಾದ್ದರಿಂದ ಇದರ ಮೇಲೆ ದೊಡ್ಡ ಮಾತು ಕಟ್ಟುವುದು ಬೇಡ. ಆದರೂ ಎರಡು ವಿಷಯಗಳನ್ನು ಗಮನಿಸಬಹುದು: ಪ್ರತಿಭೆ ಇರಲೇಬೇಕೆಂದೇನಿಲ್ಲ, ಎಲ್ಲರಿಗೂ ಒಂದೇ ಫಲವೂ ಸಿಗುವುದಿಲ್ಲ. ಉಳಿದ ಕಾಲು ಭಾಗದವರ ಮಟ್ಟ ಇಳಿಯಲಿಲ್ಲ ಎಂಬುದನ್ನು ಕರಕುಶಲವನ್ನು ಹೊಗಳುವವರು ಸಾಮಾನ್ಯವಾಗಿ ಹೇಳುವುದಿಲ್ಲ. ಹಾಗಾಗಿ ಯಾವ ಕೆಲಸ ನಿಮಗೆ ಒಗ್ಗುತ್ತದೆಂದು ನೋಡಿಕೊಳ್ಳುವುದೇ ಮೊದಲ ಹೆಜ್ಜೆ.

ಮೊದಲ ಹೆಜ್ಜೆ: ಒತ್ತಡದ ಬಗೆ ನೋಡಿ ಕೆಲಸ ಆರಿಸಿ

ಯಾವ ಕರಕುಶಲ ಒಳ್ಳೆಯದು ಎಂದು ಕೇಳುವವರು ತಮ್ಮ ಒತ್ತಡ ಮೈಯಲ್ಲಿ ಎಲ್ಲಿ ಕೂತಿದೆ ಎಂದು ಮೊದಲು ನೋಡಿಕೊಳ್ಳಬೇಕು. ದವಡೆ ಬಿಗಿದು, ಮುಷ್ಟಿ ಕಟ್ಟಿ, ಯಾರ ಮೇಲಾದರೂ ಕೂಗಾಡಬೇಕೆನಿಸುವ ಸ್ಥಿತಿಯಲ್ಲಿ ನವಿರಾದ ಕಸೂತಿ ಹಿಡಿದರೆ ದಾರ ಕಿತ್ತುಹೋಗುತ್ತದೆ, ಸಿಟ್ಟು ಇನ್ನಷ್ಟು ಏರುತ್ತದೆ. ಆಗ ಬೇಕಾದದ್ದು ಬಲ ಹಾಕಿ ಮಾಡುವ ಕೆಲಸ: ಜೇಡಿಮಣ್ಣನ್ನು ಗುದ್ದಿ ನಾದುವುದು, ಮರವನ್ನು ಉಪ್ಪುಕಾಗದದಿಂದ ಉಜ್ಜುವುದು, ಹಳೆಯ ಬಟ್ಟೆಗಳನ್ನು ಪಟ್ಟಿಪಟ್ಟಿಯಾಗಿ ಹರಿದು ಜಡೆ ಹೆಣೆದು ಕಾಲೊರಸು ಮಾಡುವುದು. ಬಟ್ಟೆ ಹರಿಯುವ ಆ ಸದ್ದೊಂದೇ ಕೆಲವರಿಗೆ ಅರ್ಧ ಚಿಕಿತ್ಸೆ.

ಒಂದೇ ಯೋಚನೆ ಗಿರಗಿರನೆ ತಿರುಗುತ್ತಿದ್ದರೆ ಎಣಿಕೆ ಇರುವ ಕೆಲಸ ಹೊಂದುತ್ತದೆ. ಒಂದೇ ಕೊಕ್ಕೆಕಡ್ಡಿಯಿಂದ ಹೆಣೆಯುವ ಕ್ರೋಶೆ, ಕಡ್ಡಿ ಹೆಣಿಗೆ, ಅಡ್ಡಹೊಲಿಗೆಯ ಕಸೂತಿ, ಮಣಿ ಪೋಣಿಸುವುದು ಈ ಗುಂಪಿಗೆ ಸೇರುತ್ತವೆ. ಯಾವುದರಲ್ಲೂ ಆಸಕ್ತಿಯಿಲ್ಲದೆ ಎದ್ದು ಕೂರುವುದೇ ಭಾರವೆನಿಸುವ ದಿನಗಳಲ್ಲಿ ಹತ್ತೇ ನಿಮಿಷಕ್ಕೆ ಮುಗಿದುಹೋಗುವ ಕೆಲಸವನ್ನು ಹಿಡಿಯಬೇಕು. ಒಂದು ಕಾಗದದ ದೋಣಿ, ಒಂದು ಉದುರಿದ ಗುಂಡಿ, ಒಂದು ಬುಕ್‌ಮಾರ್ಕ್ ಆದರೂ ಸಾಕು. ಅಂಥ ದಿನ ಹೊದಿಕೆ ಹೆಣೆಯುತ್ತೇನೆಂದು ಹೊರಡುವುದು ಜ್ವರದಲ್ಲಿ ಬೆಟ್ಟ ಹತ್ತಿದಂತೆ. ನಿದ್ದೆ ಬಾರದವರಿಗೆ ಕೈಗೆ ಆಗಲೇ ಪಳಗಿರುವ, ಹೊಸತೇನನ್ನೂ ಕಲಿಯಬೇಕಿಲ್ಲದ, ಮಂದ ಬೆಳಕಿನಲ್ಲೂ ಬೆರಳಿನ ಅಂದಾಜಿನಲ್ಲೇ ಸಾಗುವ ಹೆಣಿಗೆ ಒಳ್ಳೆಯದು. ಹೊಸ ವಿನ್ಯಾಸ ಕಲಿಯುವುದಕ್ಕೆ ಹಗಲಿದೆ.

ಕೆಲಸದ ಕಷ್ಟದ ಮಟ್ಟವೂ ಮುಖ್ಯ. ಮನಃಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಅವರು 1970ರ ದಶಕದಿಂದ ವಿವರಿಸುತ್ತ ಬಂದ ತನ್ಮಯತೆಯ ಸ್ಥಿತಿ ಮೂಡುವುದು ಕೆಲಸದ ಸವಾಲು ಮತ್ತು ನಮ್ಮ ಕೌಶಲ ಹೆಚ್ಚುಕಡಿಮೆ ಸರಿದೂಗಿದಾಗ. ತೀರ ಸುಲಭವಾದರೆ ಬೇಸರ, ತೀರ ಕಷ್ಟವಾದರೆ ಆತಂಕ. ನನ್ನ ಅನುಭವದಲ್ಲಿ ಹೊಸಬರು ಹತ್ತರಲ್ಲಿ ಒಂಬತ್ತು ಸಲ ಕಷ್ಟದ ಕಡೆಗೇ ಎಡವುತ್ತಾರೆ. ಸುಂದರವಾದ ಒಂದು ಚಿತ್ರ ನೋಡಿ, ಅದರಂತೆಯೇ ಮಾಡುತ್ತೇನೆಂದು ಹೊರಟು, ಮೂರನೆಯ ದಿನ ಕೈಚೆಲ್ಲುತ್ತಾರೆ. ಎರಡು ಕೆಲಸಗಳ ನಡುವೆ ಅನುಮಾನ ಬಂದರೆ ಹೆಚ್ಚು ಪೆದ್ದಾಗಿ ಕಾಣುವುದನ್ನು ಆರಿಸಿಕೊಳ್ಳಿ.

ಎರಡನೆಯ ಹೆಜ್ಜೆ: ಸಾಮಗ್ರಿ ಕಡಿಮೆ, ಜಾಗ ಒಂದೇ

ಸಾಮಗ್ರಿ ಕೊಳ್ಳುವುದೇ ಒಂದು ಹವ್ಯಾಸ, ಮಾಡುವುದು ಇನ್ನೊಂದು. ಇವೆರಡನ್ನು ಬೆರೆಸಿಕೊಂಡವರ ಕಪಾಟಿನಲ್ಲಿ ಬಣ್ಣಬಣ್ಣದ ದಾರದ ಲಡಿಗಳು ತುಂಬಿರುತ್ತವೆ, ಹೆಣೆದದ್ದು ಒಂದು ಗೇಣೂ ಇರುವುದಿಲ್ಲ. ಮೊದಲ ತಿಂಗಳಿಗೆ ಒಂದೇ ಕೆಲಸ, ಎರಡೇ ಬಣ್ಣ ಎಂಬ ಕಟ್ಟು ಹಾಕಿಕೊಳ್ಳಿ. ಕ್ರೋಶೆಗೆ 5 ಮಿಲಿಮೀಟರ್ ದಪ್ಪದ ಒಂದು ಕೊಕ್ಕೆಕಡ್ಡಿ, ಅದಕ್ಕೊಪ್ಪುವ ಮಧ್ಯಮ ದಪ್ಪದ ತಿಳಿಬಣ್ಣದ ನುಣುಪಾದ ದಾರದ ಒಂದು ಉಂಡೆ, ಒಂದು ಕತ್ತರಿ ಸಾಕು. ಕಪ್ಪು ದಾರವನ್ನೂ ರೋಮರೋಮವಾದ ದಾರವನ್ನೂ ಆರಂಭದಲ್ಲಿ ಮುಟ್ಟಬೇಡಿ. ಅವುಗಳಲ್ಲಿ ಕುಣಿಕೆ ಎಲ್ಲಿದೆಯೆಂದು ಕಣ್ಣಿಗೂ ಕಾಣದು, ಬೆರಳಿಗೂ ತಿಳಿಯದು, ತಪ್ಪಿದರೆ ಬಿಚ್ಚಲೂ ಬಾರದು.

ಎಲ್ಲವನ್ನೂ ಒಂದು ಬುಟ್ಟಿಯಲ್ಲಿಟ್ಟು, ನೀವು ದಿನವೂ ಕೂರುವ ಕುರ್ಚಿಯ ಪಕ್ಕದಲ್ಲೇ ಇರಿಸಿ. ಕಪಾಟು ತೆರೆದು, ಡಬ್ಬಿ ಇಳಿಸಿ, ಮೇಜು ಖಾಲಿ ಮಾಡಿ ಶುರುಮಾಡಬೇಕಾದ ಕೆಲಸವನ್ನು ದಣಿದ ಮನುಷ್ಯ ಶುರುಮಾಡುವುದೇ ಇಲ್ಲ. ಫೋನು ಬೇರೆ ಕೋಣೆಯಲ್ಲಿರಲಿ. ದಿನಕ್ಕೆ 20 ನಿಮಿಷ ಸಾಕು, ಆದರೆ ಆ ಹೊತ್ತು ದಿನವೂ ಮಾಡುವ ಯಾವುದಾದರೊಂದು ಕೆಲಸದ ಬೆನ್ನಿಗೇ ಬರುವಂತಿರಲಿ: ಮುಖ ತೊಳೆದ ಮೇಲೆ, ಪಾತ್ರೆ ಎತ್ತಿಟ್ಟ ಮೇಲೆ, ಮಗು ಮಲಗಿದ ಮೇಲೆ. "ಸಮಯ ಸಿಕ್ಕಾಗ" ಎಂದುಕೊಂಡರೆ ಆ ಸಮಯ ಎಂದಿಗೂ ಬರುವುದಿಲ್ಲ.

ಮೂರನೆಯ ಹೆಜ್ಜೆ: ಒಂದು ಗೆರೆ ಹೊಲಿಯುವುದು

ಎಲ್ಲಿಂದ ಶುರುಮಾಡಲಿ ಎಂದು ಕೇಳಿದವರಿಗೆಲ್ಲ ನಾನು ಹೇಳುವುದು ರನ್ನಿಂಗ್ ಸ್ಟಿಚ್ಚನ್ನೇ. ಸೂಜಿಯನ್ನು ಕೆಳಗಿಳಿಸಿ ಮೇಲೆತ್ತುವುದಕ್ಕಿಂತ ಹೆಚ್ಚಿನ ವಿದ್ಯೆ ಅದಕ್ಕೆ ಬೇಕಿಲ್ಲ.

ಹಳೆಯ ಹತ್ತಿ ಬಟ್ಟೆಯ ಒಂದು ತುಂಡು ತೆಗೆದುಕೊಳ್ಳಿ. ಹಲವು ಸಲ ಒಗೆದು ಮೆತ್ತಗಾದ ಬಟ್ಟೆಯಾದರೆ ಸೂಜಿ ತಡೆಯಿಲ್ಲದೆ ಇಳಿಯುತ್ತದೆ. ಕಸೂತಿ ದಾರದ ಲಡಿಯಲ್ಲಿ ಸಾಮಾನ್ಯವಾಗಿ ಆರು ಎಳೆಗಳು ಸೇರಿರುತ್ತವೆ. ಬೆರಳ ತುದಿಯಿಂದ ಮೊಣಕೈವರೆಗಿನಷ್ಟು ಉದ್ದ, ಅಂದರೆ ಸುಮಾರು 45 ಸೆಂಟಿಮೀಟರ್ ಕತ್ತರಿಸಿ, ಅದರಿಂದ ಎಳೆಗಳನ್ನು ಒಂದೊಂದಾಗಿ ಮೇಲಕ್ಕೆಳೆದು ಬೇರ್ಪಡಿಸಿ, ಮೂರನ್ನು ಜೊತೆಗೂಡಿಸಿ ಪೋಣಿಸಿ. ಮೂರನ್ನೂ ಒಮ್ಮೆಲೇ ಎಳೆದರೆ ಸಿಕ್ಕಾಗುತ್ತದೆ. ಒಂದೊಂದೇ ಎಳೆ ತೆಗೆದರೆ ಉಳಿದ ದಾರ ಕ್ಷಣಕಾಲ ಮುದುಡಿಕೊಂಡು, ಎಳೆ ಹೊರಬಂದೊಡನೆ ಮತ್ತೆ ನೆಟ್ಟಗಾಗುತ್ತದೆ. ದಾರ ಇದಕ್ಕಿಂತ ಉದ್ದವಾದರೆ ಪೋಣಿಸುವ ಶ್ರಮ ಉಳಿಯಿತೆಂದು ಅನಿಸಬಹುದು, ಆದರೆ ಅದು ಮಧ್ಯೆ ಗಂಟುಬಿದ್ದು ಆ ಉಳಿತಾಯವನ್ನೆಲ್ಲ ಬಡ್ಡಿಸಮೇತ ವಸೂಲು ಮಾಡುತ್ತದೆ.

ಬಟ್ಟೆಯ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆಯಿರಿ, ಅಥವಾ ಬಟ್ಟೆಯನ್ನು ಮಡಚಿ ಉಗುರಿನಿಂದ ಗೀರಿ ಮಡಿಕೆಯ ಗುರುತನ್ನೇ ಗೆರೆಯಾಗಿ ಬಳಸಿ. ಹಿಂಬದಿಯಿಂದ ಸೂಜಿ ಮೇಲೆತ್ತಿ, ಸುಮಾರು 5 ಮಿಲಿಮೀಟರ್ ಮುಂದೆ ಕೆಳಗಿಳಿಸಿ, ಅದಕ್ಕಿಂತ ಸ್ವಲ್ಪ ಕಡಿಮೆ ಜಾಗ ಬಿಟ್ಟು ಮತ್ತೆ ಮೇಲೆತ್ತಿ. ಮೊದಲ ಹತ್ತು ಹೊಲಿಗೆಗಳನ್ನು ಒಂದೊಂದಾಗಿ ಹಾಕಿ, ಪ್ರತಿ ಸಲವೂ ದಾರವನ್ನು ಪೂರ್ತಿ ಹೊರಗೆಳೆಯಿರಿ. ಎಳೆಯುವಾಗ ಕಿವಿಗೊಟ್ಟರೆ ದಾರ ಬಟ್ಟೆಯೊಳಗಿಂದ ಜಾರುವ ಸಣ್ಣ ಸರ್ ಎಂಬ ಸದ್ದು ಕೇಳಿಸುತ್ತದೆ. ಆ ಸದ್ದು ನಿಂತ ಕ್ಷಣವೇ ಎಳೆಯುವುದನ್ನೂ ನಿಲ್ಲಿಸಬೇಕು. ಇನ್ನೂ ಎಳೆದರೆ ಬಟ್ಟೆ ನೆರಿಗೆ ಕಟ್ಟುತ್ತದೆ. ನಿಮ್ಮ ಬಿಗಿ ಎಷ್ಟಿದೆಯೆಂದು ತಿಳಿಯಲು ಇದಕ್ಕಿಂತ ಪ್ರಾಮಾಣಿಕವಾದ ಮಾಪಕ ನನಗೆ ಗೊತ್ತಿಲ್ಲ. ಮೊದಲ ಸಾಲು ಮುದುಡಿಕೊಂಡು, ನಾಲ್ಕನೆಯ ಸಾಲಿನ ಹೊತ್ತಿಗೆ ಬಟ್ಟೆ ಚಪ್ಪಟೆಯಾಗಿ ಮಲಗಿದ್ದರೆ ಭುಜಗಳೂ ಅಷ್ಟು ಇಳಿದಿವೆ ಎಂದೇ ಅರ್ಥ.

ಉಸಿರನ್ನು ಲೆಕ್ಕ ಹಾಕುವ ಗೋಜಿಗೆ ಹೋಗಬೇಡಿ. ದಾರವನ್ನು ನಿಧಾನವಾಗಿ ಎಳೆಯುವಾಗ ಹೆಚ್ಚಿನವರು ತಿಳಿಯದೆಯೇ ಉಸಿರನ್ನು ಹೊರಬಿಡುತ್ತಿರುತ್ತಾರೆ, ಮತ್ತು ದೀರ್ಘವಾದ ನಿಶ್ವಾಸ ಹೃದಯದ ಬಡಿತವನ್ನು ಸ್ವಲ್ಪ ನಿಧಾನಗೊಳಿಸುತ್ತದೆ. ಅದನ್ನು ಬಲವಂತವಾಗಿ ಮಾಡಹೊರಟರೆ ಮತ್ತೊಂದು ಪರೀಕ್ಷೆಯೇ ಆಗುತ್ತದೆ. ಮೊದಲ ಗೆರೆಯ ಪಕ್ಕದಲ್ಲಿ ಎರಡನೆಯ ಗೆರೆ, ಅದರ ಪಕ್ಕ ಮೂರನೆಯದು. ಚಿತ್ರವಿಲ್ಲ, ಹೂವಿಲ್ಲ, ಬರಿಯ ಗೆರೆಗಳು. ಒಂದು ವಾರ ಹೀಗೇ ಸಾಗಲಿ. ಗೆರೆಗಳಿಂದ ತುಂಬಿದ ಆ ತುಂಡು ಕೊನೆಗೆ ಏನಾಗುತ್ತದೆಂದು ಯಾರಾದರೂ ಕೇಳಿದರೆ ಸೂಜಿ ಚುಚ್ಚಿಡುವ ಬಟ್ಟೆ ಎಂದು ಹೇಳಿ ಪಾರಾಗಬಹುದು.

ಹೊಲಿಗೆ ಒಗ್ಗದವರು ಮಣ್ಣನ್ನು ಹಿಡಿಯಲಿ. ಒಲೆಯಲ್ಲಿ ಸುಡಬೇಕಿಲ್ಲದ, ಗಾಳಿಗೇ ಒಣಗುವ ಜೇಡಿಮಣ್ಣಿನ ದೊಡ್ಡ ನಿಂಬೆಗಾತ್ರದ ಉಂಡೆಯನ್ನು ಎರಡು ಮೂರು ನಿಮಿಷ ನಾದಿ, ಒಂದು ಅಂಗೈಯಲ್ಲಿಟ್ಟು, ಇನ್ನೊಂದು ಕೈಯ ಹೆಬ್ಬೆರಳನ್ನು ನಡುವೆ ಒತ್ತಿ. ತಳದಲ್ಲಿ ಒಂದು ಸೆಂಟಿಮೀಟರಿನಷ್ಟು ದಪ್ಪ ಉಳಿಸಿ, ಹೆಬ್ಬೆರಳು ಒಳಗೆ, ಉಳಿದ ಬೆರಳು ಹೊರಗೆ ಇರುವಂತೆ ಚಿವುಟುತ್ತ, ಪ್ರತಿ ಚಿವುಟಿಗೂ ಉಂಡೆಯನ್ನು ಚೂರು ತಿರುಗಿಸುತ್ತ ಬನ್ನಿ. ಎರಡು ಮೂರು ಸುತ್ತು ಮುಗಿಯುವಷ್ಟರಲ್ಲಿ ಬಟ್ಟಲೊಂದು ತಾನಾಗಿ ಎದ್ದುಬರುತ್ತದೆ. ಅಂಚು ಬಿರುಕುಬಿಟ್ಟರೆ ಒದ್ದೆ ಬೆರಳಿನಿಂದ ಸವರಿ, ಆದರೆ ನೀರು ಹೆಚ್ಚಾದರೆ ಗೋಡೆ ಕುಸಿಯುತ್ತದೆ. ತೆಳುಬಟ್ಟೆ ಹೊದಿಸಿ ನಿಧಾನವಾಗಿ ಒಣಗಿಸಿ. ಈ ಮಣ್ಣು ನೀರನ್ನು ತಡೆಯುವುದಿಲ್ಲವಾದ್ದರಿಂದ ತಿನ್ನುವ ಪದಾರ್ಥ ಇಡಲು ಬಾರದು, ಗುಂಡಿಗಳನ್ನೋ ಬೀಗದ ಕೈಗಳನ್ನೋ ಹಾಕಿಡಬಹುದು. ಮಣ್ಣಿನಲ್ಲಿ ನನಗೆ ಮೆಚ್ಚುಗೆಯಾಗುವುದು ಕೈ ಕೊಳೆಯಾಗಿರುವಷ್ಟು ಹೊತ್ತು ಫೋನು ಮುಟ್ಟಲಾಗದು ಎಂಬುದು.

ನಾಲ್ಕನೆಯ ಹೆಜ್ಜೆ: ತಪ್ಪಿದಾಗ ಬಿಚ್ಚುವುದು, ಅಥವಾ ಬಿಚ್ಚದಿರುವುದು

ನಾನು ಕ್ರೋಶೆ ಕಲಿತದ್ದು ನಿದ್ದೆ ಸರಿಯಿಲ್ಲದ ಒಂದು ಮಳೆಗಾಲದಲ್ಲಿ. ಬೂದುಬಣ್ಣದ ಒಂದು ಮಫ್ಲರು ಹೆಣೆಯಲು ಕೂತಿದ್ದೆ. ಇಪ್ಪತ್ತು ಕುಣಿಕೆಗಳಿಂದ ಶುರುವಾದ ಸಾಲು ಎರಡು ಗೇಣು ಉದ್ದವಾಗುವಷ್ಟರಲ್ಲಿ ಹದಿನಾಲ್ಕಕ್ಕೆ ಇಳಿದು, ಮಫ್ಲರು ಮೇಲ್ಗಡೆ ಹೋದಂತೆ ಹಾವಿನ ಬಾಲದಂತೆ ಕಿರಿದಾಗುತ್ತಿತ್ತು. ಸಾಲಿನ ಕೊನೆಯ ಕುಣಿಕೆ ಅಂಚಿನಲ್ಲಿ ಮುದುಡಿ ಅಡಗಿಕೊಳ್ಳುತ್ತದೆ, ಹೊಸಬರ ಕಣ್ಣಿಗೆ ಅದು ಬೀಳುವುದಿಲ್ಲ. ಆಗಾಗ ಒಂದೊಂದನ್ನು ನಾನು ಹಾಗೇ ಬಿಟ್ಟು ಬಂದಿದ್ದೆ. ಅದು ತಿಳಿದ ರಾತ್ರಿ ಸಿಟ್ಟಿನಿಂದ ಎಲ್ಲವನ್ನೂ ಎಳೆದು ಬಿಚ್ಚಿದೆ. ಬಿಚ್ಚಿದ ದಾರ ಗುಂಗುರು ಕೂದಲಿನಂತೆ ಸುರುಳಿಸುರುಳಿಯಾಗಿ ಮಡಿಲಲ್ಲಿ ರಾಶಿಬಿತ್ತು. ಅದರಿಂದಲೇ ಮತ್ತೆ ಹೆಣೆಯಲು ಹೋದರೆ ಯಾವ ಕುಣಿಕೆಯೂ ಸಮ ಬರಲಿಲ್ಲ.

ಆಮೇಲೆ ಕಲಿತದ್ದು ಇಷ್ಟು. ಬಿಚ್ಚಿದ ದಾರವನ್ನು ಸಡಿಲವಾದ ಲಡಿಯಾಗಿ ಸುತ್ತಿ, ನಾಲ್ಕು ಕಡೆ ಬೇರೆ ದಾರದಿಂದ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಹಿಂಡದೆ ಟವೆಲ್ಲಿನಲ್ಲಿ ಒತ್ತಿ ನೀರು ತೆಗೆದು ತೂಗುಹಾಕಿದರೆ ಒಣಗುವ ಹೊತ್ತಿಗೆ ಸುರುಳಿ ಬಹುಮಟ್ಟಿಗೆ ಬಿಡುತ್ತದೆ. ಸಾಲಿನ ಮೊದಲ ಮತ್ತು ಕೊನೆಯ ಕುಣಿಕೆಗೆ ಒಂದೊಂದು ಸೇಫ್ಟಿ ಪಿನ್ ಸಿಕ್ಕಿಸಿಟ್ಟರೆ ಅಂಚು ತಪ್ಪುವುದಿಲ್ಲ. ಐದು ಸಾಲಿಗೊಮ್ಮೆ ಎಣಿಸಿದರೆ ತಪ್ಪು ಐದು ಸಾಲಿಗಿಂತ ಹಿಂದೆ ಹೋಗುವುದಿಲ್ಲ.

ಎಲ್ಲ ತಪ್ಪನ್ನೂ ಬಿಚ್ಚಬೇಕಿಲ್ಲ. ನಾನು ಇಟ್ಟುಕೊಂಡಿರುವ ನಿಯಮ ಸರಳವಾಗಿದೆ: ಮುಂದಿನ ಸಾಲುಗಳನ್ನು ಕೆಡಿಸುವ ತಪ್ಪನ್ನು ಬಿಚ್ಚುತ್ತೇನೆ, ಕಣ್ಣಿಗೆ ಮಾತ್ರ ಚುಚ್ಚುವ ತಪ್ಪನ್ನು ಬಿಡುತ್ತೇನೆ. ಬಿಚ್ಚುವ ತೀರ್ಮಾನವನ್ನು ರಾತ್ರಿ ಹತ್ತರ ಮೇಲೆ ತೆಗೆದುಕೊಳ್ಳುವುದಿಲ್ಲ. ಪರಿಪೂರ್ಣತೆಯ ಗೀಳೇ ಒತ್ತಡದ ಮೂಲವಾಗಿರುವವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ವಾರಕ್ಕೊಂದು ತಪ್ಪನ್ನು ಬೇಕೆಂದೇ ಉಳಿಸಿ ಮುಂದುವರಿಯಬಹುದು. ಮೊದಮೊದಲು ಅದು ಮೈಯೆಲ್ಲ ತುರಿಸಿದಂತಾಗುತ್ತದೆ. ಕೆಲವು ವಾರಗಳಲ್ಲಿ ಆ ತಪ್ಪು ಎಲ್ಲಿತ್ತೆಂದೇ ಮರೆತುಹೋಗುತ್ತದೆ.

ಐದನೆಯ ಹೆಜ್ಜೆ: ಫಲ ಸಿಗುತ್ತಿದೆಯೇ ಎಂದು ನೋಡುವುದು

ಬುಟ್ಟಿಯಲ್ಲಿ ಒಂದು ಪುಟ್ಟ ನೋಟುಬುಕ್ಕು ಇಡಿ. ಕೂರುವ ಮುನ್ನ ನಿಮ್ಮ ಬಿಗಿತಕ್ಕೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಕೊಡಿ, ಏಳುವಾಗ ಇನ್ನೊಂದು ಅಂಕಿ ಬರೆಯಿರಿ. ಅದರ ಮೇಲೆ ಒಂದು ಪದವೂ ಬೇಡ. ಎರಡು ವಾರಗಳ ಅಂಕಿಗಳನ್ನು ಒಟ್ಟಿಗೆ ನೋಡಿದಾಗ ಏಳು ಐದಾಗಿ, ಆರು ನಾಲ್ಕಾಗಿ ಇಳಿಯುತ್ತಿದ್ದರೆ ಕೆಲಸ ನಿಮಗೆ ಒಗ್ಗಿದೆ. ಇಳಿಯದಿದ್ದರೆ ಅಥವಾ ಏರುತ್ತಿದ್ದರೆ ತಪ್ಪು ನಿಮ್ಮದಲ್ಲ, ಕೆಲಸ ಬದಲಿಸಿ: ಎಣಿಕೆಯ ಕೆಲಸ ಬಿಟ್ಟು ಎಣಿಕೆಯಿಲ್ಲದ್ದಕ್ಕೆ, ಸೂಜಿ ಬಿಟ್ಟು ಮಣ್ಣಿಗೆ ಹೋಗಿ ನೋಡಿ. ಎಷ್ಟು ಗೆರೆ ಹೊಲಿದೆ, ಎಷ್ಟು ಸಾಲು ಹೆಣೆದೆ ಎಂಬ ಲೆಕ್ಕ ಮಾತ್ರ ಆ ನೋಟುಬುಕ್ಕಿನಲ್ಲಿ ಬೇಡ. ಅದು ಬಂದರೆ ಗುರಿ ಬಂತು, ಗುರಿ ಬಂದರೆ ಹಿಂದುಳಿದ ಭಾವವೂ ಬಂತು.

ದುಃಖದ ಕಾಲದ ಕೆಲಸ

ಅಗಲಿದವರ ಬಟ್ಟೆಗಳಿಂದ ಹೊದಿಕೆಯನ್ನೋ ದಿಂಬಿನ ಹೊದಿಕೆಯನ್ನೋ ಹೊಲಿಯುವುದು ಹಲವರಿಗೆ ನಿಜವಾಗಿ ಸಮಾಧಾನ ಕೊಡುತ್ತದೆ. ಈ ಕೆಲಸಕ್ಕೆ ಬೇರೆಯದೇ ಜಾಗ್ರತೆ ಬೇಕಾದ್ದರಿಂದ ಪ್ರತ್ಯೇಕವಾಗಿ ಹೇಳುತ್ತೇನೆ. ಮೊದಲ ವಾರಗಳಲ್ಲಿ ಕತ್ತರಿ ಹಾಕಬೇಡಿ. ಹೊಲಿಗೆಯನ್ನು ಬಿಚ್ಚಬಹುದು, ಹೆಣಿಗೆಯನ್ನು ಬಿಚ್ಚಬಹುದು, ಕತ್ತರಿಸಿದ ಅಂಗಿ ಮತ್ತೆ ಅಂಗಿಯಾಗುವುದಿಲ್ಲ. ಅಲ್ಲಿಯವರೆಗೆ ಆ ಬಟ್ಟೆಗಳನ್ನು ಮಡಚಿಡುವುದು, ಸಡಿಲವಾದ ಗುಂಡಿಯನ್ನು ಬಿಗಿಮಾಡುವುದು, ಬಿಚ್ಚಿದ ಮಡಿಕೆಯನ್ನು ಹೊಲಿಯುವುದು, ಇಷ್ಟೇ ಸಾಕಾಗುತ್ತದೆ. ಕತ್ತರಿಸುವ ದಿನ ಬಂದಾಗ ಜೇಬಿನಿಂದ ಶುರುಮಾಡಿ. ಹೊಲಿಗೆ ಬಿಚ್ಚಿ ಜೇಬನ್ನು ಇಡಿಯಾಗಿ ತೆಗೆದು ಬೇರೆ ಬಟ್ಟೆಯ ಮೇಲೆ ಕೂರಿಸಿದರೆ ಅಂಗಿ ಹೆಚ್ಚುಕಡಿಮೆ ಪೂರ್ತಿಯಾಗಿಯೇ ಉಳಿದಿರುತ್ತದೆ, ಮತ್ತು ನಿಮಗೆ ಇದು ಆಗುತ್ತದೋ ಇಲ್ಲವೋ ಎಂಬುದೂ ತಿಳಿದಿರುತ್ತದೆ. ಹೊಲಿಯುತ್ತ ಅಳು ಬಂದರೆ ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿ, ಅತ್ತು, ಆ ದಿನಕ್ಕೆ ನಿಲ್ಲಿಸಿ.

ಜೊತೆಯವರು, ಮತ್ತು ಮಾರಾಟದ ಆಸೆ

2013ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಗೆ ಹಲವು ದೇಶಗಳ 3,545 ಮಂದಿ ಹೆಣಿಗೆಗಾರರು ಉತ್ತರಿಸಿದ್ದರು. ಹೆಚ್ಚು ಸಲ ಹೆಣೆಯುವವರು ಹೆಚ್ಚು ಶಾಂತರಾಗಿ, ಸಂತೋಷವಾಗಿ ಇರುವುದಾಗಿ ಹೇಳಿಕೊಂಡರು. ಹೆಣೆಯುವುದರಿಂದ ಶಾಂತಿ ಬಂತೋ ಶಾಂತವಾಗಿರುವವರೇ ಹೆಚ್ಚು ಹೆಣೆಯುತ್ತಾರೋ ಎಂಬುದನ್ನು ಸಮೀಕ್ಷೆಯಿಂದ ತೀರ್ಮಾನಿಸಲಾಗದು. ಗುಂಪಿನಲ್ಲಿ ಕೂತು ಹೆಣೆಯುವವರ ವಿಷಯದಲ್ಲಿ ನಾನೇ ಕಂಡದ್ದು ಒಂದಿದೆ. ಎದುರುಬದುರು ಕೂತು ಕಣ್ಣಿಗೆ ಕಣ್ಣು ಕೊಟ್ಟು ಹೇಳಲಾಗದ ಮಾತುಗಳು, ಕೈ ಕೆಲಸದಲ್ಲಿದ್ದು ಕಣ್ಣು ಕೆಳಗಿದ್ದಾಗ ಸುಲಭವಾಗಿ ಹೊರಬರುತ್ತವೆ. ಮಧ್ಯೆ ಮೌನವಾದರೂ ಮುಜುಗರವಿಲ್ಲ, ಎಲ್ಲರೂ ಎಣಿಸುತ್ತಿದ್ದಾರೆಂದು ತಿಳಿದುಕೊಂಡರಾಯಿತು. ಒಬ್ಬರೇ ಜೊತೆಯವರಿದ್ದರೂ ಸಾಕು. ಅವರು ನಿಮಗಿಂತ ಅತಿ ಚೆನ್ನಾಗಿ ಮಾಡುವವರಾಗಿರದಿದ್ದರೆ ಇನ್ನೂ ಒಳ್ಳೆಯದು.

ಸ್ವಲ್ಪ ಕೈ ಕುದುರಿದೊಡನೆ "ಇದನ್ನು ಮಾರಬಹುದಲ್ಲ" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಹಾಲ್ ಅವರ ಮಾರ್ಬಲ್‌ಹೆಡ್ ಕಾರ್ಯಾಗಾರದ ಮಡಿಕೆ ವಿಭಾಗಕ್ಕೂ ಹೀಗೇ ಆಯಿತು. ರೋಗಿಗಳ ಚಿಕಿತ್ಸೆಗೆಂದು ಶುರುವಾದದ್ದು ಕೆಲವೇ ವರ್ಷಗಳಲ್ಲಿ ಚಿಕಿತ್ಸೆಯಿಂದ ಬೇರೆಯಾಗಿ ಸ್ವತಂತ್ರ ವ್ಯಾಪಾರವಾಯಿತು, 1915ರಲ್ಲಿ ಆರ್ಥರ್ ಬ್ಯಾಗ್ಸ್ ಎಂಬ ಕುಂಬಾರಿಕೆಯ ಕಲಾವಿದರ ಒಡೆತನಕ್ಕೆ ಹೋಯಿತು. ಅಲ್ಲಿನ ಮಡಿಕೆಗಳು ಇಂದಿಗೂ ಸಂಗ್ರಾಹಕರು ಹುಡುಕುವಷ್ಟು ಸುಂದರವಾಗಿವೆ. ಮಾರುವುದು ತಪ್ಪಲ್ಲ. ಆದರೆ ಗಡುವು, ಅಳತೆ, ಗಿರಾಕಿಯ ಅಸಮಾಧಾನ ಇವೆಲ್ಲ ಜೊತೆಗೇ ಬರುತ್ತವೆ. ಮಾರಲೇಬೇಕೆಂದಿದ್ದರೆ ಮಾರುವುದಕ್ಕೆ ಒಂದು ಕೆಲಸ, ಮನಸ್ಸಿಗೆ ಇನ್ನೊಂದು ಕೆಲಸ ಎಂದು ಬೇರೆಮಾಡಿಕೊಳ್ಳಿ. ಚಿತ್ರ ತೆಗೆದು ಎಲ್ಲರಿಗೂ ತೋರಿಸುವುದಕ್ಕೂ ಇದೇ ಮಾತು ಹೊಂದುತ್ತದೆ. ಕನಿಷ್ಠ ಮೊದಲ ಮೂರು ಕೆಲಸಗಳು ಬುಟ್ಟಿಯಲ್ಲೇ ಇರಲಿ.

ಮೈಯ ಕಾಳಜಿ, ಮತ್ತು ಕೈಕೆಲಸದ ಮಿತಿ

ಲಯ ಹಿಡಿದ ಕೈಗೆ ಹೊತ್ತು ತಿಳಿಯುವುದಿಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ, ಸುಮಾರು ಇಪ್ಪತ್ತು ಅಡಿ ದೂರದ ಯಾವುದನ್ನಾದರೂ ಇಪ್ಪತ್ತು ಸೆಕೆಂಡು ನೋಡಿ, ಮುಷ್ಟಿ ಕಟ್ಟಿ ಬಿಡಿಸಿ, ಭುಜ ತಿರುಗಿಸಿ. ಬೆಳಕು ಎದುರಿನಿಂದಲ್ಲ, ಪಕ್ಕದಿಂದ ಬೀಳಲಿ. ಮಡಿಲಲ್ಲಿ ದಿಂಬಿಟ್ಟು ಕೆಲಸವನ್ನು ಎತ್ತರಿಸಿಕೊಂಡರೆ ಕುತ್ತಿಗೆ ಬಾಗುವುದು ಕಡಿಮೆಯಾಗುತ್ತದೆ. ಹೆಬ್ಬೆರಳಿನ ಬುಡದಲ್ಲಿ ನೋವು, ರಾತ್ರಿ ಹೊತ್ತು ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು ಕಾಣಿಸಿದರೆ ಕೆಲವು ದಿನ ನಿಲ್ಲಿಸಿ. ಹೋಗದಿದ್ದರೆ ವೈದ್ಯರಿಗೆ ತೋರಿಸಿ. ವಾರ್ನಿಷ್, ಗಾಢವಾದ ಅಂಟು ಬಳಸುವಾಗ ಕಿಟಕಿ ತೆರೆದಿರಲಿ.

ಕೈಕೆಲಸ ದಿನದ ಒತ್ತಡವನ್ನು ಇಳಿಸಬಲ್ಲದು, ಕಾಯಿಲೆಯ ಚಿಕಿತ್ಸೆಗೆ ಜೊತೆಯಾಗಬಲ್ಲದು, ಆ ಚಿಕಿತ್ಸೆಯ ಜಾಗವನ್ನು ತುಂಬಲಾರದು. ಎರಡು ವಾರಕ್ಕೂ ಮೀರಿ ಮನಸ್ಸು ಕುಗ್ಗಿಯೇ ಇದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ ವೈದ್ಯರನ್ನೋ ಮನಃಶಾಸ್ತ್ರಜ್ಞರನ್ನೋ ಕಾಣಬೇಕು. ತೆಗೆದುಕೊಳ್ಳುತ್ತಿರುವ ಔಷಧಿಯನ್ನು ಅವರನ್ನು ಕೇಳದೆ ನಿಲ್ಲಿಸಬಾರದು. ತಮ್ಮನ್ನು ತಾವು ನೋಯಿಸಿಕೊಳ್ಳುವ ಯೋಚನೆ ಬರುತ್ತಿರುವವರು ಬ್ಲೇಡು, ಕತ್ತರಿ, ಸೂಜಿಗಳ ಕೆಲಸವನ್ನು ಬದಿಗಿಟ್ಟು, ಅದೇ ದಿನ ನಂಬಿಕೆಯ ಒಬ್ಬರಿಗೆ ಹೇಳಿ, ವೈದ್ಯಕೀಯ ನೆರವು ಪಡೆಯಬೇಕು.

ಕೆಲಸ ನಿಲ್ಲಿಸುವ ಬಗೆ

ದಿನದ ಕೆಲಸವನ್ನು ಸಾಲಿನ ಕೊನೆಯಲ್ಲಿ ನಿಲ್ಲಿಸಬೇಡಿ, ಮಧ್ಯದಲ್ಲಿ ನಿಲ್ಲಿಸಿ. ನಾಳೆ ಬುಟ್ಟಿ ತೆರೆದಾಗ ಮುಂದೇನೆಂದು ಯೋಚಿಸಬೇಕಿಲ್ಲದೆ ಕೈ ತಾನಾಗಿ ಆ ಅರ್ಧ ಸಾಲನ್ನು ಎತ್ತಿಕೊಳ್ಳುತ್ತದೆ. ಕ್ರೋಶೆಯಾದರೆ ಕೊನೆಯ ಕುಣಿಕೆಯನ್ನು ಉದ್ದಕ್ಕೆಳೆದು ಅದಕ್ಕೊಂದು ಸೇಫ್ಟಿ ಪಿನ್ ಹಾಕಿದರೆ ಯಾರು ಎಳೆದರೂ ಬಿಚ್ಚದು. ನಾಲ್ಕು ದಿನ ಬುಟ್ಟಿ ಮುಟ್ಟಲಾಗದೆ ಹೋದರೆ ಆ ನಾಲ್ಕು ದಿನದ ಬಾಕಿಯನ್ನು ತೀರಿಸಬೇಕಾಗಿಲ್ಲ, ಐದನೆಯ ದಿನದ ಇಪ್ಪತ್ತು ನಿಮಿಷವಷ್ಟೇ ಇರುವುದು. ಇಡೀ ತುಂಡು ಮುಗಿದಾಗ ಸುಮಾರು 15 ಸೆಂಟಿಮೀಟರ್ ದಾರ ಉಳಿಸಿ ಕತ್ತರಿಸಿ, ಕೊನೆಯ ಕುಣಿಕೆಯೊಳಗಿಂದ ಎಳೆದು ಬಿಗಿಮಾಡಿ, ಉಳಿದ ಬಾಲವನ್ನು ದಪ್ಪ ಸೂಜಿಯಿಂದ ಹಿಂಬದಿಯ ಹೊಲಿಗೆಗಳೊಳಗೆ ಒಂದು ದಿಕ್ಕಿಗೆ ಒಮ್ಮೆ, ಎದುರು ದಿಕ್ಕಿಗೆ ಒಮ್ಮೆ ತೂರಿಸಿ ಮುಚ್ಚಿ. ಏಳುವ ಮುನ್ನ ಅದೇ ಉಂಡೆಯಿಂದ ಮುಂದಿನ ತುಂಡಿಗೆ ಹತ್ತು ಕುಣಿಕೆ ಹಾಕಿ ಬುಟ್ಟಿಯಲ್ಲಿಡಿ.